ತಿಂದರೂ ಮಗು ಸೊರಗುತ್ತಿದೆಯೇ? ಕರುಳಿನ ಬ್ಯಾಕ್ಟೀರಿಯಾಗಳ ಹಸಿವನ್ನೂ ತಿಳಿಯಿರಿ



ಲೋಣಾವಳಾಕ್ಕೆ ಹೋದವರು ಚಿಕ್ಕಿ ತರದೆ ಬರುವುದಿಲ್ಲ. ಚಿಕ್ಕಿಯ ಜೀವಾಳ ಶೇಂಗಾ. ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಹಲವು ದೇಶಗಳಲ್ಲಿ ಕೊಡುವ ಚಿಕಿತ್ಸಾ ಆಹಾರಕ್ಕೂ ಇದೇ ಆಧಾರ: ನುಣ್ಣಗೆ ಅರೆದ ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವ ಮತ್ತು ಖನಿಜಗಳು. ಇದು ಅಸಂಖ್ಯ ಮಕ್ಕಳ ಜೀವ ಉಳಿಸಿದೆ. ಆದರೂ ಕೆಲವು ಮಕ್ಕಳು ಚೇತರಿಸಿಕೊಂಡ ಮೇಲೆ ಮತ್ತೆ ಸೊರಗುತ್ತಾರೆ. ಏಕೆ?

*ಕಾರಣದ ಒಂದು ಭಾಗ ಕರುಳಿನಲ್ಲಿದೆ*

ಹುಟ್ಟಿದ ಮೇಲೆ ಮಗುವಿನ ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ನೆಲೆಸುತ್ತಾ, ಎರಡು-ಮೂರು ವರ್ಷದ ಹೊತ್ತಿಗೆ ದೊಡ್ಡವರಲ್ಲಿರುವಂತೆ ಬಲಿಯುತ್ತವೆ. ಅಮೆರಿಕದ ಡಾ. ಜೆಫ್ರಿ ಗೋರ್ಡನ್ ಮತ್ತು ಢಾಕಾದ ಡಾ. ತಹಮೀದ್ ಅಹ್ಮದ್ ಅವರ ತಂಡ 2014ರಲ್ಲಿ ತೋರಿಸಿದ್ದು ಇದು: ಅಪೌಷ್ಟಿಕ ಮಕ್ಕಳಲ್ಲಿ ಈ ಬ್ಯಾಕ್ಟೀರಿಯಾ ಸಮೂಹ ವಯಸ್ಸಿಗೆ ತಕ್ಕಂತೆ ಬಲಿತಿರುವುದಿಲ್ಲ. ಚಿಕಿತ್ಸಾ ಆಹಾರ ಕೊಟ್ಟಾಗ ಸುಧಾರಿಸಿದರೂ ಅದು ಬಹುಕಾಲ ನಿಲ್ಲಲಿಲ್ಲ.

*ಕಡಲೆ, ಸೋಯಾ, ಶೇಂಗಾ, ಬಾಳೆಕಾಯಿ*

ಈ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಇಷ್ಟವಾಗುವ ಆಹಾರವನ್ನೇ ಕೊಟ್ಟರೆ? ಅದೇ ತಂಡ ಈ ನಾಲ್ಕನ್ನು ಸೇರಿಸಿ ಒಂದು ಪೂರಕ ಆಹಾರ ರೂಪಿಸಿತು. ಢಾಕಾದ ಕೊಳೆಗೇರಿಯೊಂದರ ಸುಮಾರು 120 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ ಇದನ್ನು, ಉಳಿದವರಿಗೆ ಅಕ್ಕಿ-ಬೇಳೆ-ಹಾಲಿನ ಪುಡಿಯ ಆಹಾರವನ್ನು ಮೂರು ತಿಂಗಳು ಕೊಟ್ಟರು. 2021ರಲ್ಲಿ ಪ್ರಕಟವಾದ ಫಲಿತಾಂಶ: ಹೊಸ ಆಹಾರದಲ್ಲಿ ಕ್ಯಾಲೊರಿ ಕಡಿಮೆಯಿದ್ದರೂ ಆ ಮಕ್ಕಳ ತೂಕವೇ ಚೆನ್ನಾಗಿ ಏರಿತು!

ಅಂದರೆ, ಎಷ್ಟು ತಿಂದಿತು ಎನ್ನುವಷ್ಟೇ ಏನು ತಿಂದಿತು ಎನ್ನುವುದೂ ಮುಖ್ಯ.

*ನೀವು ಮಾಡಬೇಕಾದ್ದು*

✅ ಆರು ತಿಂಗಳು ಎದೆಹಾಲು ಮಾತ್ರ ಕೊಡಿ. ಅದರಲ್ಲಿರುವ ಕೆಲವು ಸಕ್ಕರೆಗಳು ಮಗುವಿಗೆ ಜೀರ್ಣವಾಗುವುದಿಲ್ಲ. ಅವು ಒಳ್ಳೆಯ ಬ್ಯಾಕ್ಟೀರಿಯಾಗಳ ಊಟ.
✅ ಆಮೇಲೆ ಎದೆಹಾಲಿನ ಜೊತೆ ಬೇಳೆ, ಮೊಟ್ಟೆ, ತರಕಾರಿ, ಬೇಯಿಸಿ ಮಸೆದ ಬಾಳೆಕಾಯಿ, ನುಣ್ಣಗೆ ಅರೆದ ಶೇಂಗಾ ಕೊಡಿ. ಬರೀ ಗಂಜಿ, ಬಿಸ್ಕತ್ತು ಸಾಲದು.
✅ ವೈದ್ಯರು ಹೇಳದೆ ಆಂಟಿಬಯಾಟಿಕ್ ಕೊಡಬೇಡಿ. ಅದು ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ.
❌ ಪುಟ್ಟ ಮಕ್ಕಳಿಗೆ ಚಿಕ್ಕಿ, ಇಡೀ ಶೇಂಗಾ ಬೇಡ. ಗಂಟಲಲ್ಲಿ ಸಿಕ್ಕಿಕೊಂಡರೆ ಪ್ರಾಣಾಪಾಯ.

*ಎಚ್ಚರಿಕೆ:* ಮನೆಯ ಊಟ ತೀವ್ರ ಅಪೌಷ್ಟಿಕತೆಗೆ ಚಿಕಿತ್ಸೆಯಲ್ಲ. ಆರು ತಿಂಗಳಿಂದ ಐದು ವರ್ಷದ ಮಗುವಿನ ರಟ್ಟೆಯ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅಥವಾ ಎರಡೂ ಪಾದ ಊದಿದ್ದರೆ ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಸುಮಾರು ಐವರಲ್ಲಿ ಒಂದು ಮಗುವಿಗೆ ಎತ್ತರಕ್ಕೆ ತಕ್ಕ ತೂಕವಿಲ್ಲ. ಅಂಥ ಮಗು ನಿಮ್ಮ ಬೀದಿಯಲ್ಲೂ ಇರಬಹುದು. ಅಂಗನವಾಡಿಯಲ್ಲಿ ತೂಕ ಮಾಡಿಸಲು ಅದರ ತಾಯಿಗೆ ಇಂದೇ ಹೇಳಿ.