ಹೇಳುತ್ತಿರುವವರು ಯಾರು?

2025ರ ಸೆಪ್ಟೆಂಬರ್ 24ರಂದು ಎಸ್.ಎಲ್. ಭೈರಪ್ಪನವರು ತೀರಿಕೊಂಡ ಸುದ್ದಿ ಬಂತು. ಆ ಸಂಜೆ ಹೊಳೆನರಸೀಪುರದ ನಮ್ಮ ಮನೆಯ ಬೀರುವಿನಿಂದ ಎರಡು ಪುಸ್ತಕ ತೆಗೆದೆ. ಒಂದು 1970ರ ಕಾದಂಬರಿ ‘ಗೃಹಭಂಗ’, ಇನ್ನೊಂದು 1996ರ ಆತ್ಮಕಥೆ ‘ಭಿತ್ತಿ’. ಎರಡರಲ್ಲೂ ಅದೇ ಚನ್ನರಾಯಪಟ್ಟಣದ ಸೀಮೆ, ಅದೇ ಪ್ಲೇಗು. ನಮ್ಮಜ್ಜಿ ಆ ಕಡೆಯವರು. “ಇಲಿ ಬಿತ್ತು ಅಂದ್ರೆ ಊರು ಬಿಡಬೇಕು ಕಣೇ” ಅನ್ನುವ ಮಾತು ಕೇಳಿಕೊಂಡೇ ಬೆಳೆದವಳು ನಾನು. ಹಾಗಾಗಿ ಮೊದಲ ಸಲ ‘ಗೃಹಭಂಗ’ ಓದಿದಾಗ ಅತ್ತಿದ್ದೆ. ಆ ಅಳು ಎಲ್ಲಿಂದ ಬಂತು, ಅದನ್ನು ತರಿಸಲು ಬರೆದವರು ಏನು ಮಾಡಿದ್ದಾರೆ ಎಂದು ಆಗ ಕೇಳಿಕೊಂಡಿರಲಿಲ್ಲ.

ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದಷ್ಟು ವರ್ಷವೂ ನನಗೆ ವಿಮರ್ಶೆ ಎಂದರೆ ‘ಪಾತ್ರದ ಸ್ವಭಾವ ವಿವರಿಸಿ’ ಎಂಬ ಪ್ರಶ್ನೆಯ ಉತ್ತರವಾಗಿತ್ತು. ನಿವೃತ್ತಿಯ ನಂತರವೇ ಕಾದಂಬರಿಕಾರರು ತಮ್ಮ ಕಸುಬಿನ ಬಗ್ಗೆ ಬರೆದದ್ದನ್ನು ಹುಡುಕಿ ಓದತೊಡಗಿದೆ. ಭೈರಪ್ಪನವರದೇ ‘ಕಥೆ ಮತ್ತು ಕಥಾವಸ್ತು’, 1980ರ ‘ನಾನೇಕೆ ಬರೆಯುತ್ತೇನೆ?’ ಸಿಕ್ಕವು. ಸತ್ಯಕ್ಕೂ ಸೌಂದರ್ಯಕ್ಕೂ ಇರುವ ನಂಟನ್ನು ಹಿಡಿದು ಡಾಕ್ಟರೇಟ್ ಪಡೆದ ತತ್ತ್ವಶಾಸ್ತ್ರದ ಮೇಷ್ಟ್ರು ಅವರು. ಓದಲು ಸುಲಭವಲ್ಲ, ನಿಧಾನ ಬೇಕು. ಆದರೆ ಸೀರೆಯ ಅಂಚು ಮಗುಚಿ ನೇಯ್ಗೆ ನೋಡುವ ಅಭ್ಯಾಸ ನನಗೆ ಹತ್ತಿದ್ದು ಅಲ್ಲಿಂದಲೇ.

ಅದೇ ಕಣ್ಣಿನಿಂದ ಆ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟುಕೊಂಡೆ. ‘ಭಿತ್ತಿ’ಯಲ್ಲಿ ಪ್ಲೇಗಿನಿಂದ ಉಳಿದ ಹುಡುಗ ‘ನಾನು’. ಎಲ್ಲವೂ ಅವನ ಸುತ್ತ. ‘ಗೃಹಭಂಗ’ದಲ್ಲಿ ಉಳಿಯುವ ಹುಡುಗ ವಿಶ್ವ, ಮನೆಯ ಮಕ್ಕಳಲ್ಲಿ ಒಬ್ಬ. ಕಥೆಯ ನಡುವೆ ನಿಂತವಳು ತಾಯಿ ನಂಜಮ್ಮ. ಶ್ಯಾನುಭೋಗ ಗಂಡನಿಗೆ ಬಾರದ ಲೆಕ್ಕವನ್ನು ತಾನು ಬರೆಯುತ್ತಾಳೆ, ಮುತ್ತುಗದ ಎಲೆ ಹಚ್ಚಿ ಕಾಸು ಮಾಡುತ್ತಾಳೆ. ಲೇಖಕರು ತಮ್ಮನ್ನು ಒಂದು ಮೂಲೆಗೆ ಸರಿಸಿಕೊಂಡು ಅವಳಿಗೆ ಜಾಗ ಬಿಟ್ಟರು. ಅದರಿಂದಲೇ ಕಥೆ ಆ ಹುಡುಗ ಹುಟ್ಟುವ ಮೊದಲಿನ ದಿನಗಳಿಗೂ, ನಂಜಮ್ಮನ ಮದುವೆಯ ಕಾಲಕ್ಕೂ ಹೋಗಬಲ್ಲದು. ‘ನಾನು’ ಅಲ್ಲಿಗೆ ಹೋಗಲಾರದು. ದೃಷ್ಟಿಕೋನ ಎಂಬ ಪದವನ್ನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಅದರ ಅರ್ಥ ತಿಳಿದದ್ದು ಈಗ.

ಪ್ಲೇಗಿನ ಪುಟಗಳನ್ನೂ ಮತ್ತೆ ಓದಿದೆ. ಪಾರ್ವತಿ, ರಾಮಣ್ಣ ಒಬ್ಬರ ಬೆನ್ನಿಗೆ ಒಬ್ಬರು ಹೋಗುತ್ತಾರೆ. ನಿರೂಪಕ ದನಿ ಏರಿಸುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿ ಮುಂದೆ ಹೋಗುತ್ತಾನೆ. ಅವನು ಅಳಲಿಲ್ಲ, ಅದಕ್ಕೇ ನಾನು ಅತ್ತೆ.

ಹೊರಗಿನ ಅಳತೆಗೋಲನ್ನೂ ಹಚ್ಚಿ ನೋಡಬೇಕೆನಿಸಿತು. ಇ.ಎಂ. ಫಾರ್‌ಸ್ಟರ್ 1927ರಲ್ಲಿ ಕೇಂಬ್ರಿಜ್‌ನಲ್ಲಿ ಕಾದಂಬರಿಯ ಬಗ್ಗೆ ಕೊಟ್ಟ ಉಪನ್ಯಾಸಗಳು ಹೆಸರುವಾಸಿ. ಚಪ್ಪಟೆ ಪಾತ್ರ, ದುಂಡು ಪಾತ್ರ ಎಂದು ಅವರು ವಿಂಗಡಿಸುತ್ತಾರೆ. ನಂಬುವಂತೆ ನಮ್ಮನ್ನು ಅಚ್ಚರಿಗೊಳಿಸಿದರೆ ಆ ಪಾತ್ರ ದುಂಡು. ಈ ಅಳತೆಯಲ್ಲಿ ಗಂಡ ಚೆನ್ನಿಗರಾಯ ಬರೀ ಚಪ್ಪಟೆ: ಉಣ್ಣುತ್ತಾನೆ, ಬೈಯುತ್ತಾನೆ, ಕೊನೆಯವರೆಗೂ ಬದಲಾಗುವುದಿಲ್ಲ. ಹಾಗಿದ್ದರೆ ಅದು ಕೊರತೆಯೇ? ಅಲ್ಲ ಎನ್ನುತ್ತೇನೆ. ಅವನು ಎಂದೂ ಬದಲಾಗದೆ ಇರುವುದೇ ನಂಜಮ್ಮನ ಬಾಳನ್ನು ಅರೆದದ್ದು. ಒಮ್ಮೆ ಅವನು ಅಚ್ಚರಿ ಹುಟ್ಟಿಸಿದ್ದರೂ ಆ ಮನೆ ಉಳಿಯುತ್ತಿತ್ತೋ ಏನೋ. ಚಪ್ಪಟೆ ಪಾತ್ರಕ್ಕೂ ಕೆಲಸವಿದೆ ಎಂದು ಫಾರ್‌ಸ್ಟರ್ ಕೂಡ ಒಪ್ಪುತ್ತಾರೆ. ಆ ಕೆಲಸ ಎಂಥದ್ದೆಂದು ನನಗೆ ತೋರಿಸಿಕೊಟ್ಟದ್ದು ಮಾತ್ರ ಚೆನ್ನಿಗರಾಯ.

ಕಸುಬಿನ ಬಗ್ಗೆ ಬರೆದ, ನಮ್ಮ ಸೀಮೆಯ ನಂಟಿರುವ ಕಾದಂಬರಿಕಾರರು ಇನ್ನೂ ಇದ್ದಾರೆ. ಅನಕೃ ಹೆಸರಿನ ಮೊದಲಕ್ಷರವೇ ನಮ್ಮ ಜಿಲ್ಲೆಯ ಅರಕಲಗೂಡು. ವೇಶ್ಯಾಜೀವನದ ಮೇಲೆ ‘ನಗ್ನಸತ್ಯ’ದಂಥ ಕಾದಂಬರಿ ಬರೆದು ಬೈಸಿಕೊಂಡಾಗ ಅವರು ಸುಮ್ಮನಿರಲಿಲ್ಲ, ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದರು. ಯಾವುದನ್ನು ಹೇಳಬಹುದು, ಯಾವುದನ್ನು ಹೇಳಬಾರದು ಎಂಬ ಜಗಳ ಅದು. ಅವರ ಬರವಣಿಗೆಯ ವೇಗ ನನಗೆ ಅಷ್ಟು ಹಿಡಿಸದು, ಧೈರ್ಯ ಹಿಡಿಸುತ್ತದೆ.

ಅನಕೃ ಹುಟ್ಟಿದ 1908ರಲ್ಲೇ ಹಾಸನದಲ್ಲಿ ರಾಜಾರಾವ್ ಹುಟ್ಟಿದರು. ಅವರ ಇಂಗ್ಲಿಷ್ ಕಾದಂಬರಿ ‘ಕಾಂತಾಪುರ’ ಬಂದದ್ದು 1938ರಲ್ಲಿ. ಅದಕ್ಕೆ ಅವರು ಬರೆದ ಪುಟ್ಟ ಮುನ್ನುಡಿಯನ್ನು ಇಂದಿಗೂ ಜಗತ್ತಿನ ಎಷ್ಟೋ ಕಡೆ ಕಾಲೇಜುಗಳಲ್ಲಿ ಓದಿಸುತ್ತಾರೆ. ನಮ್ಮ ಹಳ್ಳಿಗಳಲ್ಲಿ ಊರಿಗೊಂದು ಸ್ಥಳಪುರಾಣ, ನಮ್ಮ ಕಥೆಗೆ ಮುಗಿಯದ ಉಸಿರು. ಅದನ್ನು ಪರಭಾಷೆಯಲ್ಲಿ ಹಿಡಿಯುವುದು ಹೇಗೆ ಎಂಬುದು ಅವರ ಚಿಂತೆ. ಆ ಕಾದಂಬರಿಯ ಊರಿನ ಹೊಳೆಯ ಹೆಸರು ಹಿಮಾವತಿ. ನಮ್ಮೂರ ಪಕ್ಕದಲ್ಲೇ ಹರಿಯುವ ಹೇಮಾವತಿಯನ್ನು ಬಲ್ಲ ನನಗೆ ಅದು ಯಾವ ಹೊಳೆ ಎಂದು ಯಾರೂ ಹೇಳಬೇಕಾಗಿಲ್ಲ.

ಪಕ್ಕದ ಮನೆಯ ಹುಡುಗಿ ಹಾಸನದಲ್ಲಿ ಬಿ.ಎ. ಓದುತ್ತಿದ್ದಾಳೆ. ಮೊನ್ನೆ ‘ಕಾಂತಾಪುರ’ ತಂದು, “ವಾಕ್ಯ ಮುಗಿಯೋದೇ ಇಲ್ಲ ಮಿಸ್, ತಲೆಗೆ ಹತ್ತಲ್ಲ” ಎಂದಳು. ಅರ್ಥ ಬಿಡಿಸಿ ಹೇಳಲಿಲ್ಲ. ಮೊದಲ ಪುಟವನ್ನು ನಿಮ್ಮನೆ ಮಾತಿನಲ್ಲಿ, ನಿಲ್ಲಿಸದೆ ಹೇಳು ಎಂದೆ. ತಡವರಿಸುತ್ತ ಶುರುಮಾಡಿದಳು. ಸ್ವಲ್ಪ ಹೊತ್ತಿಗೆ ‘ಆಮೇಲೆ’, ‘ಆಮೇಲೆ’ ಎಂದು ಸರಾಗವಾಯಿತು.

“ಅಯ್ಯೋ, ನಮ್ಮಜ್ಜಿ ಮಾತಾಡ್ದಂಗೇ ಇದೆ!”

ಹೌದು, ಹೇಳುತ್ತಿರುವವಳು ಅಚ್ಚಕ್ಕ ಎಂಬ ಅಜ್ಜಿಯೇ ಎಂದೆ. ಅವಳು ಪುಸ್ತಕ ಮುಚ್ಚಿ ಬೀರುವಿನ ಕಡೆ ನೋಡಿದಳು. “ಹಾಗಾದ್ರೆ ‘ಗೃಹಭಂಗ’ನ ಯಾರು ಹೇಳ್ತಿರೋದು ಮಿಸ್?”

ಕೂರು ಎಂದೆ. ಮೊದಲ ಅಧ್ಯಾಯ ತೆಗೆದೆವು.