ಒಂದು ಪ್ಲೇಟ್ ಒಗ್ಗರಣೆ, ಹದಿನಾರು ಬಕೆಟ್ ನೀರು

ಗಂಗಾವತಿಯಲ್ಲಿ ಬೆಳಿಗ್ಗೆ ತಳ್ಳುಗಾಡಿಯವರು ಕೈಗಿಡುವ ಒಂದು ಪ್ಲೇಟ್ ಒಗ್ಗರಣೆಯಲ್ಲಿ ಎಷ್ಟು ಕಾಳು ಮಂಡಾಳು, ಅಂದರೆ ಮಂಡಕ್ಕಿ, ಇರಬಹುದು? ಎಣಿಸುತ್ತ ಕೂರಬೇಕಿಲ್ಲ. ಒಂದು ಕಾಳು ಅಂದಾಜು 17 ಮಿಲಿಗ್ರಾಂ ತೂಗುತ್ತದೆ, ಪ್ಲೇಟಿಗೆ 70 ಗ್ರಾಂ ಒಣ ಮಂಡಾಳು ಬಿತ್ತು ಅಂದುಕೊಳ್ಳಿ. ನಾಲ್ಕು ಸಾವಿರ ದಾಟಿತು. ಅಷ್ಟನ್ನೂ ಐದು ನಿಮಿಷದಲ್ಲಿ ನಿಂತೇ ಮುಗಿಸಿ, ಕೈ ಒರೆಸಿಕೊಂಡು ಆನೆಗೊಂದಿ ಬಸ್ಸು ಹತ್ತುತ್ತೇವೆ.

ಹೊಸಪೇಟೆ, ಗಂಗಾವತಿ, ಕೊಪ್ಪಳ, ಕುಷ್ಟಗಿ. ಈ ಸೀಮೆಯಲ್ಲಿ ಒಂದೂರಿನಿಂದ ಪಕ್ಕದೂರಿಗೆ ಬಸ್ಸಿನಲ್ಲಿ ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ. ಎಲ್ಲಿ ಇಳಿದರೂ ಒಗ್ಗರಣೆ-ಮಿರ್ಚಿ ಕಾಯುತ್ತಿರುತ್ತದೆ. ಇಡ್ಲಿ ವಡೆಯೂ ಸಿಗುತ್ತದೆ ಅನ್ನಿ, ಆದರೆ ಅದಕ್ಕಾಗಿ ಇಷ್ಟು ದೂರ ಯಾಕೆ ಬರಬೇಕು?

ಮಂಡಾಳಿನ ಹುಟ್ಟು ಬೆಂಕಿಯಲ್ಲಿ. ಭತ್ತವನ್ನು ಕುದಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಸವರಿ ಮತ್ತೆ ಒಣಗಿಸುತ್ತಾರೆ. ಆಮೇಲೆ ಭಟ್ಟಿಯಲ್ಲಿ ಇನ್ನೂರು ಡಿಗ್ರಿಗೂ ಮಿಕ್ಕಿ ಕಾದ ಉಸುಕಿಗೆ ಸುರಿದರೆ ಕೆಲವೇ ಸೆಕೆಂಡು. ಕಾಳಿನೊಳಗಿನ ಹನಿ ತೇವ ಉಗಿಯಾಗಿ ಒದೆಯುತ್ತದೆ, ಅಕ್ಕಿ ಎಂಟು ಹತ್ತು ಪಟ್ಟು ಉಬ್ಬುತ್ತದೆ. ಇಷ್ಟೆಲ್ಲ ಮಾಡಿ ಉಬ್ಬಿಸಿದ್ದನ್ನು ಗಾಡಿಯವರು ಮಾಡುವುದೇನು? ಬಕೆಟ್ಟಿನ ನೀರಿಗೆ ಅದ್ದಿ, ಎರಡೂ ಅಂಗೈ ನಡುವೆ ಹಿಂಡಿ, ಬುಟ್ಟಿಗಟ್ಟಲೆ ಇದ್ದದ್ದನ್ನು ಬೋಗುಣಿಗೆ ಇಳಿಸುತ್ತಾರೆ. ಹಿಂಡುವ ಹದದಲ್ಲೇ ಎಲ್ಲ ಇದೆ. ಒಂದು ಕ್ಷಣ ಹೆಚ್ಚು ನೆಂದರೆ ಮುದ್ದೆ, ಕಡಿಮೆಯಾದರೆ ಗಂಟಲಿಗೆ ಒತ್ತುತ್ತದೆ. ಅತ್ತ ಬಾಣಲೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಸಿನ, ಹುಣಸೆರಸ. ಹಿಂಡಿದ್ದನ್ನು ಅದರಲ್ಲಿ ಹೊರಳಿಸಿ ಮೇಲೆ ಪುಟಾಣಿ ಹಿಟ್ಟು ಉದುರಿಸಿದರೆ ಮುಗಿಯಿತು. “ಅಣ್ಣಾರ, ಮಿರ್ಚಿ ಎರಡು ಹಾಕ್ಲೇನ್ರಿ?”

ಆ ಬಕೆಟ್ಟಿನ ನೀರು ಲೆಕ್ಕಕ್ಕೇ ಇಲ್ಲ. ಕಿಲೋ ಭತ್ತ ಬೆಳೆಯಲು ಮಳೆ, ಕಾಲುವೆ ಎರಡೂ ಸೇರಿ ಸರಾಸರಿ 2,500 ಲೀಟರ್ ನೀರು ಬೇಕು ಎಂಬುದು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಅಂದಾಜು. ತೌಡು ಹೊಟ್ಟು ಕಳೆದು 70 ಗ್ರಾಂ ಮಂಡಾಳು ಸಿಗಬೇಕೆಂದರೆ ಸುಮಾರು 110 ಗ್ರಾಂ ಭತ್ತ ಬೇಕು. ಅಂದರೆ ಪ್ಲೇಟಿಗೆ 275 ಲೀಟರ್, ಹದಿನೇಳು ಲೀಟರಿನ ಬಕೆಟ್ಟಿನಲ್ಲಿ ಹದಿನಾರು. ಜೋಳ ತಿಂದುಕೊಂಡಿದ್ದ ನಾಡಿಗೆ ಈ ನೀರು ಬಂದದ್ದು ಎಲ್ಲಿಂದ ಎಂದು ಗಂಗಾವತಿಯಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಆನೆಗೊಂದಿ ಸುತ್ತ ವಿಜಯನಗರದ ಕಾಲದ ಕಾಲುವೆಗಳು ಇದ್ದವು, ನಿಜ. ಆದರೆ ಊರನ್ನು ಭತ್ತದ ಕಣಜ ಮಾಡಿದ್ದು 1953ರಲ್ಲಿ ತುಂಬಿಕೊಂಡ ತುಂಗಭದ್ರಾ ಜಲಾಶಯ ಮತ್ತು 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ.

ಡ್ಯಾಮು ಮೊದಲು ಹಿಡಿಯುತ್ತಿದ್ದದ್ದು 132.47 ಟಿಎಂಸಿ. ಹೂಳು ತುಂಬಿ ಈಗ 105.788. ಪತ್ರಿಕೆಯಲ್ಲಿ ಓದಿ ಪುಟ ಮಗುಚುವ ಅಂಕಿ ಇದು. ಕಳೆದುಹೋದ 26.7 ಟಿಎಂಸಿಯನ್ನು ಲೀಟರಿಗಿಳಿಸಿದರೆ 75 ಸಾವಿರ ಕೋಟಿ. ಅದು ಒಂದು ಹನಿಯೂ ಸೋರದೆ ಗದ್ದೆಗೇ ಹೋಯಿತೆಂದು ಹಿಡಿದರೆ 30 ಕೋಟಿ ಕಿಲೋ ಭತ್ತ. ಪ್ಲೇಟಿನ ಲೆಕ್ಕದಲ್ಲಿ 275 ಕೋಟಿ ಒಗ್ಗರಣೆ! 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಜನ 13,89,920. ಕೂಸುಕುನ್ನಿ ಸೇರಿ ಒಬ್ಬೊಬ್ಬರಿಗೆ ದಿನಕ್ಕೊಂದು ಪ್ಲೇಟಿನಂತೆ ಐದು ವರ್ಷ ದಾಟಿ ಬಡಿಸಬಹುದು. ಅದೂ ಜಲಾಶಯ ಒಂದೇ ಒಂದು ಸಲ ತುಂಬಿದರೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ನಿದ್ದೆಗೆಟ್ಟಿತ್ತು. ಗೇಟು ಒಡೆದರೆ ಸುದ್ದಿಯಾಗುತ್ತದೆ, ಹೂಳು ಸದ್ದಿಲ್ಲದೆ ಕೂರುತ್ತದೆ.

ಇದೇ ನೀರಿನ ಗದ್ದೆಗಳ ನಡುವೆ, ಹಂಪಿಯಿಂದ ಹೊಳೆಯಾಚೆ ವಿರೂಪಾಪುರಗಡ್ಡೆ. ವಿರೂಪಾಕ್ಷ ಗುಡಿಯ ಹತ್ತಿರ ದೋಣಿ ಹತ್ತಿದರೆ ಕೆಲವೇ ನಿಮಿಷ. ಹೊಳೆ ತುಂಬಿ ದೋಣಿ ನಿಂತರೆ ರಸ್ತೆಯಲ್ಲಿ ಊರೂರು ಸುತ್ತಬೇಕು. ಒಂದು ಕಾಲಕ್ಕೆ ಇಲ್ಲಿಯ ಹೋಟೆಲುಗಳಲ್ಲಿ ಇಸ್ರೇಲಿ ಪ್ರವಾಸಿಗರಿಗಾಗಿ ಹೀಬ್ರೂ ಅಕ್ಷರದ ಮೆನು, ತಟ್ಟೆಯಲ್ಲಿ ಹಮ್ಮಸ್, ಫಲಾಫೆಲ್. ಸುಪ್ರೀಂ ಕೋರ್ಟಿನ 2020ರ ಫೆಬ್ರುವರಿ ಆದೇಶದ ನಂತರ, ಮಾರ್ಚಿನಲ್ಲಿ ಅನಧಿಕೃತ ರೆಸಾರ್ಟುಗಳು ನೆಲಸಮವಾದವು. ನನಗೆ ಸೋಜಿಗವೆನಿಸುವುದು ಬೇರೆ. ಫಲಾಫೆಲ್ ಎಂದರೆ ಕಡಲೆ ರುಬ್ಬಿ ಎಣ್ಣೆಯಲ್ಲಿ ಕರಿದದ್ದು. ಮಿರ್ಚಿ ಎಂದರೆ ಕಡಲೆ ಹಿಟ್ಟು ಕಲಸಿ ಎಣ್ಣೆಯಲ್ಲಿ ಕರಿದದ್ದು. ಅದೇ ಕಡಲೆ ಯಲಬುರ್ಗಾದ ಎರೆಹೊಲದಲ್ಲಿ ಹಿಂಗಾರಿಗೆ ಬೆಳೆಯುತ್ತದೆ. ಸಾವಿರಾರು ಮೈಲಿ ಹಾರಿ ಬಂದವರು, ಗಂಗಾವತಿ ಗಾಡಿಯಿಂದ ಇಪ್ಪತ್ತು ಕಿಲೋಮೀಟರಿನೊಳಗೆ ಕೂತು, ಮತ್ತೆ ಕಡಲೆಯನ್ನೇ ತಿಂದರು! ಹಾಗೆ ನೋಡಿದರೆ ಮಿರ್ಚಿಯೊಳಗಿನ ಮೆಣಸಿನಕಾಯಿಯೂ ನಮ್ಮದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಅಕ್ಕಿ, ಗೋಧಿ, ಹೆಸರು, ಹುರುಳಿ ಎಂದು ಧಾನ್ಯಗಳ ಸಮೃದ್ಧಿಯನ್ನು ಬರೆದಿಟ್ಟ. ಮೆಣಸಿನಕಾಯಿಯನ್ನು ಅಮೆರಿಕದಿಂದ ಈ ಕಡೆ ತಂದವರೂ ಅವನ ದೇಶದವರೇ.

ಆ ಮೆಣಸಿನಕಾಯಿ ಎಷ್ಟರಮಟ್ಟಿಗೆ ನಮ್ಮದಾಯಿತು ಎಂದು ನೋಡಲು ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಹೋಗಬೇಕು. ಸುತ್ತಲ ಹಳ್ಳಿಗಳಿಂದ ಜೋಳದ ರೊಟ್ಟಿ ಟ್ರ್ಯಾಕ್ಟರುಗಳಲ್ಲಿ ಬರುತ್ತದೆ, ದಾಸೋಹದಲ್ಲಿ ಒಂದು ದಿನ ಮಿರ್ಚಿಯದ್ದು, ಲಕ್ಷಗಟ್ಟಲೆ. ಒಂದೇ ಒಂದು ಲಕ್ಷ ಹಿಡಿಯೋಣ. ಮಿರ್ಚಿಗೆ 12 ಸೆಂಟಿಮೀಟರಿನಂತೆ ತುದಿಗೆ ತುದಿ ಜೋಡಿಸಿದರೆ 12 ಕಿಲೋಮೀಟರ್, ಹೆಚ್ಚುಕಡಿಮೆ ಗಂಗಾವತಿಯಿಂದ ಆನೆಗೊಂದಿ. ಒಂದೊಂದೂ ಐದೇ ಗ್ರಾಂ ಎಣ್ಣೆ ಕುಡಿದರೂ ಐದು ಕ್ವಿಂಟಲ್. ಒಬ್ಬನೇ ಬಾಣಸಿಗ ಮೂರು ಸೆಕೆಂಡಿಗೊಂದರಂತೆ ಕಡಾಯಿಗೆ ಬಿಡುತ್ತ ಹೋದರೆ, ಊಟ ನಿದ್ದೆ ಬಿಟ್ಟರೂ, 83 ಗಂಟೆ ಬೇಕು. ಹಾಗಾಗಿಯೇ ಅಲ್ಲಿ ಒಲೆಗಳು ಸಾಲುಸಾಲು, ಹಿಟ್ಟು ಕಲಸುವವರ ತಂಡವೇ ಬೇರೆ, ಮೆಣಸಿನಕಾಯಿ ಸೀಳುವವರ ತಂಡವೇ ಬೇರೆ. ರಥೋತ್ಸವ ಪುಷ್ಯ ಬಹುಳ ಬಿದಿಗೆಗೆ, ಅಂದರೆ ಸಾಮಾನ್ಯವಾಗಿ ಜನವರಿಯಲ್ಲಿ. ಹೊಸಪೇಟೆ ಕಡೆಯಿಂದಲೂ ಗದಗ ಕಡೆಯಿಂದಲೂ ರೈಲಿದೆ.