ಫೋರ್ಕ್ ಒರೆಸಿದ ವಾರ

ಬೆಳಗಿನ ಜಾವ ಅಲಾರಂ ಹೊಡೆಯುತ್ತದೆ. 45 ವರ್ಷದ ರಿಚಿ ಎದ್ದು ಶಿಕಾಗೋದ ಒಂದು ದೊಡ್ಡ ರೆಸ್ಟೋರೆಂಟಿಗೆ ಹೊರಡುತ್ತಾನೆ. ಅಲ್ಲಿ ಅವನ ಪಾಲಿಗೆ ಬರುವ ಕೆಲಸ ಫೋರ್ಕ್ ಒರೆಸುವುದು. ಒಂದು ಒರೆಸಿಟ್ಟರೆ ಇನ್ನೊಂದು ಕಾದಿರುತ್ತದೆ. ಮಾರನೆಯ ದಿನವೂ ಅದೇ ಅಲಾರಂ, ಅದೇ ಫೋರ್ಕು. ‘ದಿ ಬೇರ್’ ಧಾರಾವಾಹಿಯ ಎರಡನೆಯ ಸೀಸನ್ನಿನ ಏಳನೆಯ ಕಂತು ಶುರುವಾಗುವುದು ಹೀಗೆ. ಅದರ ಹೆಸರೂ ‘ಫೋರ್ಕ್ಸ್’ ಎಂದೇ. 2023ರ ಜೂನ್‌ನಲ್ಲಿ ಬಂದ ಈ ಕಂತು ಅರ್ಧ ಗಂಟೆಗಿಂತ ತುಸು ಹೆಚ್ಚು ಹೊತ್ತಿನದು. ಅದು ಮುಗಿಯುವಷ್ಟರಲ್ಲಿ ಮುನಿಸಿಕೊಂಡು ಬಂದಿದ್ದ ಆ ಮನುಷ್ಯ ಕೆಲಸಕ್ಕೆ ಸೂಟು ತೊಡುವ ಮನುಷ್ಯನಾಗಿರುತ್ತಾನೆ.

ಒಂದು ವಾರದಲ್ಲಿ ಯಾರಾದರೂ ಇಷ್ಟು ಬದಲಾಗುತ್ತಾರೆಯೇ ಎಂದು ನೀವು ಕೇಳಬಹುದು. ನನಗೆ ಕಾಣುವಂತೆ ರಿಚಿ ಬದಲಾಗುವುದೇ ಇಲ್ಲ. ಅವನಲ್ಲಿ ಮೊದಲಿಂದ ಇದ್ದದ್ದಕ್ಕೆ ಒಂದು ಜಾಗ ಸಿಗುತ್ತದೆ. ಆ ಜಾಗವನ್ನು ಮಾಡಿಕೊಡುವುದು ಒಳ್ಳೆಯ ಹೋಟೆಲು ನಡೆಯುವ ಕ್ರಮ. ಆ ಕ್ರಮ ಕಥೆಗಾರರು ಕಟ್ಟಿದ್ದಲ್ಲ, ನಿಜವಾಗಿಯೂ ಇರುವಂಥದ್ದು. ಅದು ಹೇಗೆ ನಡೆಯುತ್ತದೆಂದು ತಿಳಿದರೆ ಈ ಕಂತು ಇನ್ನಷ್ಟು ಹತ್ತಿರವಾಗುತ್ತದೆ.

ಹಿನ್ನೆಲೆ ಇಷ್ಟು. ಶಿಕಾಗೋದಲ್ಲಿ ಬೀಫ್ ಸ್ಯಾಂಡ್‌ವಿಚ್ ಮಾರುವ ಹಳೆಯ ಅಂಗಡಿಯೊಂದು. ಮಾಲೀಕ ಮೈಕಿ ಆತ್ಮಹತ್ಯೆ ಮಾಡಿಕೊಂಡಿದ್ದಾನೆ. ಹೆಸರಾಂತ ಅಡುಗೆಮನೆಗಳಲ್ಲಿ ಪಳಗಿದ ಅವನ ತಮ್ಮ ಕಾರ್ಮಿ ಊರಿಗೆ ಮರಳಿ ಅಂಗಡಿ ವಹಿಸಿಕೊಂಡಿದ್ದಾನೆ, ಈಗ ಅದನ್ನೇ ಒಡೆದು ಹೊಸ ರೆಸ್ಟೋರೆಂಟ್ ಕಟ್ಟಿಸುತ್ತಿದ್ದಾನೆ. ರಿಚಿ ಮೈಕಿಯ ಜೀವದ ಗೆಳೆಯ. ಹೆಂಡತಿ ಬಿಟ್ಟುಹೋಗಿದ್ದಾಳೆ, ಪುಟ್ಟ ಮಗಳೊಬ್ಬಳಿದ್ದಾಳೆ. ಬಾಯಿ ಜೋರು. ಕೈಯಲ್ಲಿ ಹೇಳಿಕೊಳ್ಳುವಂಥ ಕಸುಬಿಲ್ಲ. ಸೀಸನ್ನಿನ ಮೊದಲ ಕಂತಿನಲ್ಲೇ ಅವನು ನೆಲಮಾಳಿಗೆಯಲ್ಲಿ ಕೂತು, ಬದುಕಿಗೊಂದು ಗುರಿ ಅಂತ ನೀನು ಯಾವತ್ತಾದರೂ ಯೋಚಿಸಿದ್ದೀಯಾ ಎಂದು ಕಾರ್ಮಿಯನ್ನು ಕೇಳುತ್ತಾನೆ. ಎಲ್ಲರೂ ಮುಂದೆ ಹೋಗಿ ತನ್ನನ್ನು ಬಿಟ್ಟುಬಿಡುತ್ತಾರೆಂಬ ಭಯ ಅವನದು. ಹಾಗಾಗಿ ಕಾರ್ಮಿ ಅವನನ್ನು ಒಂದು ವಾರ ಕಲಿಯಲು ಕಳಿಸಿದಾಗ, ನನ್ನನ್ನು ಸಾಗಹಾಕುತ್ತಿದ್ದಾನೆ ಅಂತಲೇ ರಿಚಿ ತಿಳಿಯುತ್ತಾನೆ.

ಹೀಗೆ ಕಲಿಯಲು ಹೋಗುವುದಕ್ಕೆ ರೆಸ್ಟೋರೆಂಟ್ ಲೋಕದಲ್ಲಿ ‘ಸ್ತಾಜ್’ ಎನ್ನುತ್ತಾರೆ. ಫ್ರೆಂಚ್ ಮಾತು. ದೊಡ್ಡ ಅಡುಗೆಮನೆಯೊಂದರಲ್ಲಿ ಕೆಲ ದಿನವೋ ಕೆಲ ತಿಂಗಳೋ ಕೆಳಗಿನ ಕೆಲಸ ಮಾಡುತ್ತಾ ನೋಡಿ ಕಲಿಯುವುದು.

ಕೆಳಗಿನ ಕೆಲಸವೆಂದರೆ ಫೋರ್ಕು. ಯಂತ್ರದಲ್ಲಿ ತೊಳೆದು ಬಂದ ಸ್ಟೀಲಿನ ಮೇಲೆ ನೀರಿನ ಹನಿ ತಾನಾಗಿ ಆರಿದರೆ ಬಿಳಿ ಚುಕ್ಕೆ ಉಳಿಯುತ್ತದೆ. ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದು. ಬೋರ್‌ವೆಲ್ ನೀರು ಕುಡಿಯುವ ಊರಿನವರು ತಮ್ಮ ಮನೆಯ ಲೋಟದ ಮೇಲೆ ದಿನಾ ನೋಡುವಂಥದ್ದೇ. ಅದನ್ನು ತೆಗೆಯಲು ಬಿಸಿನೀರಿನಲ್ಲಿ ಅದ್ದಿ ಅಥವಾ ಹಬೆಗೆ ಹಿಡಿದು, ಎಳೆ ಬಿಡದ ಬಟ್ಟೆಯಿಂದ ಒರೆಸಬೇಕು. ನೀರಿಗೆ ತುಸು ವಿನೆಗರ್ ಸೇರಿಸುವುದೂ ಉಂಟು. ಬರಿಗೈ ತಾಗಿದರೆ ಬೆರಳಚ್ಚು ಬೀಳುತ್ತದೆ, ಹಾಗಾಗಿ ಹಿಡಿಕೆಯನ್ನೂ ಬಟ್ಟೆಯೊಳಗೇ ಹಿಡಿಯಬೇಕು. ಚಮಚಕ್ಕೆ, ಚಾಕುವಿಗೆ ಎರಡು ಸಲ ಬಟ್ಟೆ ಆಡಿಸಿದರೆ ಸಾಕು. ಫೋರ್ಕಿಗೆ ಹಲ್ಲುಗಳಿವೆ, ಹಲ್ಲುಗಳ ಸಂದಿಯಲ್ಲಿ ಹಿಂದಿನವರು ಉಂಡದ್ದು ಒಣಗಿರಬಹುದು. ಅತಿಥಿಯ ಬಾಯೊಳಗೆ ಹೋಗುವ ವಸ್ತು ಅದು. ಅದಕ್ಕೇ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಇಡುತ್ತಾರೆ.

ಹೊಸಬನಿಗೆ ಈ ಕೆಲಸ ಕೊಡುವುದು ಅವಮಾನ ಮಾಡಲಿಕ್ಕಲ್ಲ. ಇಲ್ಲಿ ತಪ್ಪಿದರೆ ನಷ್ಟ ಕಡಿಮೆ, ಆದರೆ ಗಮನವಿಟ್ಟು ಮಾಡುತ್ತಾನೋ ಇಲ್ಲವೋ ಎನ್ನುವುದು ತಕ್ಷಣ ಗೊತ್ತಾಗುತ್ತದೆ. ರಿಚಿ ಅರೆಮನಸ್ಸಿನಿಂದ ಒರೆಸುತ್ತಾ ಗೊಣಗುತ್ತಾನೆ. ಅವನಿಗೆ ಕೆಲಸ ಕಲಿಸುವ ಗ್ಯಾರೆಟ್ ಕೊನೆಗೊಮ್ಮೆ ಅವನನ್ನು ಹೊರಗೆ ಕರೆದೊಯ್ದು ನೇರವಾಗಿ ಕೇಳುವುದು ಒಂದೇ: ನನಗೆ, ಇಲ್ಲಿನ ಕೆಲಸದವರಿಗೆ, ಉಣ್ಣಲು ಬಂದವರಿಗೆ, ನಿನಗೆ ನೀನೇ ಮರ್ಯಾದೆ ಕೊಡು. ತನ್ನ ಕುಡಿತ ಬಿಡಿಸಿದ್ದೂ ಬೇರೆಯವರಿಗಾಗಿ ದುಡಿಯುವ ಈ ಅಭ್ಯಾಸವೇ ಎಂದು ಗ್ಯಾರೆಟ್ ಮುಂದೆ ಹೇಳಿಕೊಳ್ಳುತ್ತಾನೆ. ಮರ್ಯಾದೆ ರಿಚಿಗೆ ಅರ್ಥವಾಗುವ ಮಾತು. ಕಂತು ತಿರುಗುವುದು ಅಲ್ಲಿ.

ಆಮೇಲೆ ಅವನನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ನಮ್ಮ ದರ್ಶಿನಿಗಳಲ್ಲಿ ದೋಸೆ ಆದಾಗ ದೋಸೆ, ವಡೆ ಆದಾಗ ವಡೆ ಬರುತ್ತದೆ, ಯಾರೂ ಬೇಸರಿಸುವುದಿಲ್ಲ. ಒಂದರ ಹಿಂದೊಂದರಂತೆ ಹತ್ತು ಬಗೆ ಬಡಿಸುವ ಇಂಥ ಜಾಗದಲ್ಲಿ ಒಂದು ಮೇಜಿನ ನಾಲ್ವರಿಗೂ ತಟ್ಟೆ ಒಂದೇ ಕ್ಷಣಕ್ಕೆ ಇಳಿಯಬೇಕು. ಮೀನು ಬೇಯುವ ಹೊತ್ತು ಬೇರೆ, ಸಾಸ್ ಕುದಿಯುವ ಹೊತ್ತು ಬೇರೆ, ಮಾಡುವ ಕೈಗಳೂ ಬೇರೆಬೇರೆ. ಇವೆಲ್ಲವನ್ನೂ ಒಂದು ತಾಳಕ್ಕೆ ತರಲು ಅಡುಗೆಮನೆಗೂ ಊಟದ ಹಾಲಿಗೂ ನಡುವೆ ಒಬ್ಬರು ನಿಲ್ಲುತ್ತಾರೆ. ಆ ಕಟ್ಟೆಗೆ ‘ಪಾಸ್’ ಎಂದೂ ಅಲ್ಲಿ ನಿಂತವರಿಗೆ ‘ಎಕ್ಸ್‌ಪೋ’ ಎಂದೂ ಹೆಸರು. ಯಾವ ಮೇಜಿನವರು ಎಷ್ಟು ಉಂಡರು, ಯಾರು ಎದ್ದು ಫೋನಿಗೆ ಹೋದರು, ಮುಂದಿನದನ್ನು ಒಲೆಗೆ ಏರಿಸಬೇಕೋ ತಡೆಯಬೇಕೋ ಎಂದು ಕೂಗಿ ಹೇಳುವವರು ಇವರೇ. ಅಡುಗೆಯವರು ಕೇಳಿಸಿತು ಎಂದು ತಿರುಗಿ ಕೂಗುತ್ತಾರೆ. ಕೂಗದಿದ್ದರೆ ಕೇಳಿಸಿಲ್ಲ ಎಂದೇ ಲೆಕ್ಕ. ಈ ಕಂತಿನಲ್ಲಿ ಆ ಜಾಗದಲ್ಲಿ ನಿಲ್ಲುವವಳು ಜೆಸ್. ಮಕ್ಕಳಂತೆ ಬಾಯಿ ಬಿಟ್ಟುಕೊಂಡು ರಿಚಿ ಅವಳ ಕೆಲಸ ನೋಡುತ್ತಾನೆ.

ಹತ್ತು ಮೇಜು, ಮೇಜಿಗೆ ಹತ್ತು ಬಗೆ ಎಂದಿಟ್ಟುಕೊಳ್ಳಿ. ಒಂದು ರಾತ್ರಿಗೆ 100 ಸಲ ತಟ್ಟೆಗಳು ಪಾಸಿನಿಂದ ಹೊರಡಬೇಕು. ಪ್ರತಿ ಸಲ ಅರ್ಧ ನಿಮಿಷ ಜಾರಿದರೆ ಒಟ್ಟು 50 ನಿಮಿಷ. ಒಂದು ತಟ್ಟೆಯ ಅಂಚಿನ ಕಲೆಯಿಂದ ಆದ, ಒಂದು ನಿಮಿಷವೂ ಆಗದ ತಡಕ್ಕೆ ಇಲ್ಲಿ ಅಷ್ಟು ಗಂಭೀರವಾಗಿ ವಿಚಾರಣೆ ನಡೆಯುವುದು ಏಕೆಂದು ಆಗ ತಿಳಿಯುತ್ತದೆ. ಪ್ರತಿ ಕ್ಷಣಕ್ಕೂ ಬೆಲೆಯಿದೆ ಎಂಬರ್ಥದ ಫಲಕ ಆ ಅಡುಗೆಮನೆಯ ಗೋಡೆಯ ಮೇಲಿದೆ. ಅದನ್ನು ಅವರು ಅಕ್ಷರಶಃ ನಂಬುತ್ತಾರೆ.

ನನಗೆ ಈ ಕಂತಿನಲ್ಲಿ ಬಹಳ ಮೆಚ್ಚಿನದು ಬಾಗಿಲು ತೆರೆಯುವ ಮುಂಚಿನ ಸಭೆ. ಒಳ್ಳೆಯ ರೆಸ್ಟೋರೆಂಟುಗಳಲ್ಲಿ ದಿನಾ ನಡೆಯುವಂಥದ್ದು. ಇವತ್ತು ಯಾರು ಬರುತ್ತಾರೆ, ಯಾರಿಗೆ ಯಾವ ಪದಾರ್ಥ ಆಗದು, ಯಾರ ಮದುವೆಯ ದಿನ, ಕಳೆದ ಸಲ ಬಂದಾಗ ಏನು ಇಷ್ಟಪಟ್ಟಿದ್ದರು ಎಲ್ಲವನ್ನೂ ಓದಿ ಹೇಳುತ್ತಾರೆ. ಮೇಜು ಕಾದಿರಿಸುವಾಗ ಅವರೇ ಹೇಳಿದ್ದು, ಹಳೆಯ ಟಿಪ್ಪಣಿ, ಅವರು ಎಲ್ಲರಿಗೂ ಕಾಣುವಂತೆ ಅಂತರ್ಜಾಲದಲ್ಲಿ ಬರೆದುಕೊಂಡದ್ದು, ಇವೆಲ್ಲ ಸೇರಿ ಈ ಮಾಹಿತಿ ಆಗುತ್ತದೆ. ಆವತ್ತು ಬರುವವರಲ್ಲಿ ಇಬ್ಬರು ಶಿಕ್ಷಕರು. ಈ ಒಂದು ಊಟಕ್ಕೆಂದು ಬಹುಕಾಲ ದುಡ್ಡು ಕೂಡಿಟ್ಟವರು. ಅವರಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ ಎಂದು ಸಭೆಯಲ್ಲಿ ತೀರ್ಮಾನವಾಗುತ್ತದೆ. ಫೋರ್ಕು ಎತ್ತಿಕೊಳ್ಳಲಿರುವ ಕೈ ಯಾರದೆಂದು ರಿಚಿಗೆ ಈಗ ಗೊತ್ತು. ಯಾರಿಗಾಗಿ ಎಂಬುದು ತಿಳಿದ ಮೇಲೆ ಒರೆಸುವ ಕೆಲಸ ಮೊದಲಿನಂತೆ ಉಳಿಯುವುದಿಲ್ಲ.

ಮತ್ತೊಂದು ಮೇಜಿನಲ್ಲಿ ಹೊರ ಊರಿನ ಕುಟುಂಬ. ಶಿಕಾಗೋ ಬಿಟ್ಟು ಹೋಗುವ ಹೊತ್ತಾಯಿತು, ಇಲ್ಲಿನ ಹೆಸರಾದ ಡೀಪ್ ಡಿಷ್ ಪಿಜ್ಜಾ ತಿನ್ನಲಾಗಲಿಲ್ಲ ಎಂದು ಅವರು ತಮ್ಮಲ್ಲೇ ಆಡಿಕೊಂಡ ಮಾತು ಕಿವಿಗೆ ಬೀಳುತ್ತದೆ. ಕೊಳಗದಂಥ ಎತ್ತರದ ಅಂಚಿನ ತಟ್ಟೆಯಲ್ಲಿ ಸುಟ್ಟ ದಪ್ಪ ಪಿಜ್ಜಾ ಅದು. ರಿಚಿ ಊರಲ್ಲೇ ಹುಟ್ಟಿ ಬೆಳೆದವನು. ಪೀಕ್ವಾಡ್ಸ್ ಎಂಬ ಅಂಗಡಿಗೆ ಓಡಿಹೋಗಿ ಪಿಜ್ಜಾ ತರುತ್ತಾನೆ. ಬಾಣಸಿಗ ಅದನ್ನು ಬಳೆಯಂಥ ಅಚ್ಚಿನಲ್ಲಿ ದುಂಡಗೆ ಕತ್ತರಿಸಿ, ಆ ರೆಸ್ಟೋರೆಂಟಿಗೆ ತಕ್ಕ ಹಾಗೆ ತಟ್ಟೆಯಲ್ಲಿ ಅಲಂಕರಿಸುತ್ತಾನೆ. ತಾನೇ ಹೊತ್ತೊಯ್ದು ಬಡಿಸುವಾಗ ರಿಚಿಯ ಮುಖ ನೋಡಬೇಕು. ಆ ಪಾತ್ರ ಮಾಡಿದ ಎಬಾನ್ ಮಾಸ್-ಬಾಕ್ರಾಕ್‌ಗೆ 2024ರಲ್ಲಿ ಎರಡು ಸಲ ಎಮ್ಮಿ ಪ್ರಶಸ್ತಿ ಬಂತು; ಎರಡನೆಯದು ಈ ಸೀಸನ್ನಿಗೆ.

ಪಿಜ್ಜಾ ಪ್ರಸಂಗದ ಹಿಂದೆ ಒಂದು ನಡೆದ ಸಂಗತಿಯಿದೆ. ನ್ಯೂಯಾರ್ಕಿನ ‘ಇಲೆವೆನ್ ಮ್ಯಾಡಿಸನ್ ಪಾರ್ಕ್’ ರೆಸ್ಟೋರೆಂಟನ್ನು ನಡೆಸುತ್ತಿದ್ದ ವಿಲ್ ಗಿಡಾರಾ, ಎಲ್ಲ ದೊಡ್ಡ ರೆಸ್ಟೋರೆಂಟುಗಳಲ್ಲಿ ಉಂಡೆವು, ಬೀದಿಬದಿಯ ಹಾಟ್‌ಡಾಗ್ ಮಾತ್ರ ತಿನ್ನಲಿಲ್ಲ ಎಂದು ಅತಿಥಿಗಳು ಮಾತಾಡಿಕೊಳ್ಳುವುದನ್ನು ಕೇಳಿಸಿಕೊಂಡರು. ಹೊರಗೆ ಓಡಿ ಒಂದನ್ನು ಕೊಂಡು ತಂದರು. ಬಾಣಸಿಗ ಡೇನಿಯಲ್ ಹಮ್ ಅದನ್ನು ತುಂಡು ಮಾಡಿ ತಟ್ಟೆಗೆ ಜೋಡಿಸಿದರು. ಹಗಲಿರುಳು ಬೆವರು ಸುರಿಸಿ ಮಾಡಿದ ಅಡುಗೆಗಿಂತ ಆ ಅಗ್ಗದ ಹಾಟ್‌ಡಾಗ್ ಅತಿಥಿಗಳಿಗೆ ಹೆಚ್ಚು ಸಂತೋಷ ಕೊಟ್ಟಿತು. ಮುಂದೆ ಇಂಥದ್ದನ್ನು ಮಾಡುವುದಕ್ಕೆಂದೇ ಗಿಡಾರಾ ಬೇರೆ ಜನರನ್ನು ನೇಮಿಸಿದರು. ಲೆಕ್ಕದ ವಿಷಯದಲ್ಲಿ ಅವರ ಕ್ರಮ ಹೀಗಿತ್ತು: ನೂರರಲ್ಲಿ 95 ಪಾಲು ಹಣಕ್ಕೆ ಪೈಸೆ ಪೈಸೆಯ ಹಿಡಿತ, ಉಳಿದ ಐದು ಪಾಲನ್ನು ಅತಿಥಿಯ ಸಂತೋಷಕ್ಕಾಗಿ ಧಾರಾಳವಾಗಿ ಖರ್ಚು ಮಾಡುವುದು. ಇದನ್ನೆಲ್ಲ ಅವರು 2022ರಲ್ಲಿ ಪುಸ್ತಕವಾಗಿ ತಂದರು. ರಿಚಿ ಈ ಕಂತಿನಲ್ಲಿ ಓದುವುದು ಅದೇ ಪುಸ್ತಕ.

ಇದನ್ನು ಓದುವಾಗ ನಮ್ಮ ಹೋಟೆಲುಗಳು ನೆನಪಾಗದೆ ಇರವು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಶುರುವಾದದ್ದು 1943ರಲ್ಲಿ. ಅಲ್ಲಿ ಸಪ್ಲೈಯರ್ ಒಂದೇ ತೋಳಿನ ಮೇಲೆ ದೋಸೆ ತಟ್ಟೆಗಳ ಗೋಪುರ ಹೊತ್ತು ತರುವುದನ್ನು ನೋಡಿದವರಿಗೆ, ಬಡಿಸುವುದೂ ಅಡುಗೆಯಷ್ಟೇ ದೊಡ್ಡ ವಿದ್ಯೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿ ನೋಡಿ ಬಂದು, ತಮ್ಮಲ್ಲೂ ಅದನ್ನು ಕಟ್ಟುನಿಟ್ಟಾಗಿ ತಂದರು. ಬಂದವರು ಅಡುಗೆಮನೆಯನ್ನೇ ನೋಡಬಹುದಿತ್ತು. ಊರಿನ ಉಡುಪಿ ಹೋಟೆಲಿನಲ್ಲಿ ದಿನಾ ಬರುವ ಹಿರಿಯರು ಕೂರುವ ಮೊದಲೇ ಸಕ್ಕರೆ ಕಡಿಮೆಯ ಕಾಫಿ ತಂದಿಡುವ ಮಾಣಿಯ ತಲೆಯಲ್ಲಿರುವುದೂ ಶಿಕಾಗೋದ ಸಭೆಯಲ್ಲಿ ಓದಿ ಹೇಳುವ ಟಿಪ್ಪಣಿಯೇ. ಟೇಬಲ್ ಒರೆಸುವ ಕ್ಲೀನರ್ ಆಗಿ ಸೇರಿ, ಸಪ್ಲೈಯರ್ ಆಗಿ, ಗಲ್ಲಾದಲ್ಲಿ ಕೂತು, ಕೊನೆಗೆ ಸ್ವಂತ ಹೋಟೆಲ್ ಹಾಕಿದವರು ಕರಾವಳಿಯ ಎಷ್ಟೋ ಮನೆಗಳಲ್ಲಿದ್ದಾರೆ. ಅವರಿಗೆ ರಿಚಿಯ ಫೋರ್ಕು ಹೊಸದಾಗಿ ಕಾಣಲಾರದು.

ಕಂತು ಮುಟ್ಟದೆ ಬಿಟ್ಟದ್ದನ್ನೂ ಹೇಳಬೇಕು. ಸ್ತಾಜ್ ಎಂದರೆ ಬಹಳ ಕಡೆ ಸಂಬಳವಿಲ್ಲದ ದುಡಿಮೆ. ಡೆನ್ಮಾರ್ಕಿನ ಜಗತ್ಪ್ರಸಿದ್ಧ ರೆಸ್ಟೋರೆಂಟ್ ‘ನೋಮಾ’ ತನ್ನ ಕಲಿಕೆಯವರಿಗೆ ಸಂಬಳ ಕೊಡಲು ಶುರುಮಾಡಿದ್ದು 2022ರಲ್ಲಿ. ಅದಕ್ಕೂ ಮುಂಚೆ ವರ್ಷಗಟ್ಟಲೆ ಯುವಕ ಯುವತಿಯರು ಅಲ್ಲಿ ಪುಕ್ಕಟೆ ದುಡಿದರು. ರಿಚಿಗೆ ಒಂದು ವಾರ ಕಳೆದರೆ ಮರಳಲು ತನ್ನದೇ ಜಾಗವಿದೆ. ಅಂಥ ಜಾಗ ಇಲ್ಲದವನಿಗೆ, ತಿಂಗಳ ಕೊನೆಗೆ ಬಾಡಿಗೆ ಕಟ್ಟಬೇಕಾದವನಿಗೆ, ಕೆಲಸ ಬದುಕಿಗೆ ಅರ್ಥ ಕೊಡುತ್ತದೆ ಎಂದು ಹೇಳಿ ಬರಿಗೈಯಲ್ಲಿ ಕಳಿಸುವುದು ಅನ್ಯಾಯ. ಮರ್ಯಾದೆಯಲ್ಲಿ ಸಂಬಳವೂ ಸೇರಿದೆ. ಗ್ಯಾರೆಟ್ ಹೇಳುವ ಪಟ್ಟಿಗೆ ನಾನು ಇದನ್ನು ಸೇರಿಸುತ್ತೇನೆ.

ಕೊನೆಯ ದೃಶ್ಯದಲ್ಲಿ ರಿಚಿ ಅಡುಗೆಮನೆಗೆ ಬಂದರೆ, ರೆಸ್ಟೋರೆಂಟಿನ ಒಡತಿ ಶೆಫ್ ಟೆರಿ ಒಬ್ಬಳೇ ನಿಂತು ಅಣಬೆಯ ಸಿಪ್ಪೆ ಸುಲಿಯುತ್ತಿರುತ್ತಾಳೆ. ಆ ಪಾತ್ರದಲ್ಲಿ ಒಲಿವಿಯಾ ಕೋಲ್ಮನ್. ಯಾರಿಗಾದರೂ ಹೇಳಿ ಮಾಡಿಸಬಹುದಾದ ಕೆಲಸ. ಉಣ್ಣುವವರಿಗಾಗಿ ಯಾರೋ ಹೊತ್ತು ಕೊಟ್ಟಿದ್ದಾರೆಂದು ತಟ್ಟೆಯಲ್ಲಿ ಕಾಣಬೇಕು, ಅದಕ್ಕೇ ಸುಲಿಯುತ್ತೇನೆ ಎನ್ನುತ್ತಾಳೆ. ರಿಚಿಯೂ ಚಾಕು ಹಿಡಿಯುತ್ತಾನೆ. ಇಬ್ಬರೂ ಸುಲಿಯುತ್ತಾ ತಮ್ಮ ತಂದೆಯರ ಬಗ್ಗೆ ಮಾತಾಡುತ್ತಾರೆ. ಗೋಡೆಯ ಮೇಲಿನ ಆ ಮಾತು ಅವಳ ತಂದೆಯ ದಿನಚರಿಯಿಂದ ಬಂದದ್ದು ಎಂದು ನಮಗೆ ತಿಳಿಯುವುದು ಆಗ. ಕಾರ್ಮಿ ತನ್ನನ್ನು ಸಾಗಹಾಕಿರಲಿಲ್ಲ, ಜನರೊಂದಿಗೆ ಬೆರೆಯುವುದರಲ್ಲಿ ಇವನನ್ನು ಮೀರಿಸುವವರಿಲ್ಲವೆಂದು ನಂಬಿ ಕಳಿಸಿದ್ದ ಎಂದು ರಿಚಿಗೆ ತಿಳಿಯುವುದೂ ಆಗಲೇ.

ಇದನ್ನು ಮೊದಲ ಸಲ ನೋಡುವವರಿಗೆ ಒಂದು ಮಾತು. ನೇರವಾಗಿ ಏಳನೆಯ ಕಂತಿಗೆ ಹೋಗಬೇಡಿ. ಅದರ ಹಿಂದಿನ ಆರನೆಯದನ್ನು, ಒಂದು ಗಂಟೆಯಷ್ಟು ಉದ್ದವಾದರೂ, ತಾಳ್ಮೆಯಿಂದ ನೋಡಿ. ಐದು ವರ್ಷ ಹಿಂದಿನ ಕ್ರಿಸ್ಮಸ್ ಊಟದ ಕಥೆ ಅದು. ಮೈಕಿ ಇನ್ನೂ ಬದುಕಿದ್ದಾನೆ, ರಿಚಿಯ ಹೆಂಡತಿ ಇನ್ನೂ ಜೊತೆಗಿದ್ದಾಳೆ. ಆ ಮೇಜಿನಲ್ಲಿ ಜಗಳ ಹತ್ತಿ ಮೈಕಿ ಎದುರಿನವನ ಮೇಲೆ ಎಸೆಯುವುದು ಫೋರ್ಕನ್ನು.